ಇಪ್ಪತ್ತು ವರ್ಷಕ್ಕೆ ಒಂದು ಗೇರ್ ಕಾರು: ಸ್ವಿಫ್ಟ್, ಅಮೇಜ್, ಬಲೆನೊ

ನಮ್ಮ ಮನೆಯಿಂದ ಡಾಮರು ರಸ್ತೆಗೆ ಮುಕ್ಕಾಲು ಕಿಲೋಮೀಟರ್ ಮುರಕಲ್ಲಿನ ಚಡಾವು, ಅಂದರೆ ಏರುದಾರಿ. ಕಾಸರಗೋಡಿನ ಬದಿಯಡ್ಕದ ಒಳಭಾಗದ ತೋಟದ ಮನೆಗಳಿಗೆ ಹೆಚ್ಚಾಗಿ ಇಂಥದೇ ದಾರಿ. ನನ್ನ ಹಿಂದಿನ ಕಾರಿನ ಕ್ಲಚ್ ಪ್ಲೇಟ್ ಎರಡು ಸಲ ಸುಟ್ಟದ್ದು ಇಲ್ಲೇ. ಹಾಗಾಗಿ ಹೊಸ ಕಾರನ್ನು ಶೋರೂಮಿನ ಮುಂದಿನ ಹೈವೇಯಲ್ಲಿ ಅಲ್ಲ, ಈ ಚಡಾವಿನಲ್ಲೇ ನೋಡಬೇಕು ಅಂತ ಹಟ ಹಿಡಿದೆ.

ಕೈಯಲ್ಲಿ ಗೇರು ಹಾಕುವ ಪೆಟ್ರೋಲ್ ಕಾರನ್ನು ಈಗಲೇ ಕೊಳ್ಳುವ ಅವಸರಕ್ಕೆ ಕಾರಣ ಇದೆ. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಎಂಬ ಹೊಗೆ ನಿಯಮ ಬಂದದ್ದೇ ಮಾರುತಿ ಡೀಸೆಲ್ ಕಾರು ಬಿಟ್ಟಿತು. ಊರಿಡೀ ಓಡುತ್ತಿದ್ದ ಡೀಸೆಲ್ ಸ್ವಿಫ್ಟ್ ಹೊಸದಾಗಿ ಸಿಗದೇ ಹೋಯಿತು. ಪೆಟ್ರೋಲ್ ಕಾರಿಗೆ ನಮ್ಮ ದೇಶದಲ್ಲಿ ಇನ್ನೂ ಗಡುವು ಇಟ್ಟಿಲ್ಲ, ಆದರೆ ಅದಕ್ಕೂ ಇದೇ ಗತಿ ಬರಬಹುದು. ಆರ್‌ಸಿ (ನೋಂದಣಿ ಪತ್ರ) ಸಿಗುವುದು 15 ವರ್ಷಕ್ಕೆ, ಆಮೇಲೆ ಗಾಡಿ ಪರೀಕ್ಷೆ ಪಾಸಾದರೆ ಐದೈದು ವರ್ಷ. ನನ್ನ ಕಾರು ಕನಿಷ್ಠ ಇಪ್ಪತ್ತು ವರ್ಷ ಬಾಳಬೇಕು.

ನೆಂಟರಿಷ್ಟರಿಂದ ಮೂರು ಕಾರು ಕೇಳಿ ತಂದೆ. ಆಟಿಯ ಮಳೆಯಲ್ಲಿ ಒಂದೊಂದನ್ನು ಒಂದೊಂದು ವಾರ ಓಡಿಸಿದೆ. ಮೂರರಲ್ಲೂ ಎಂಜಿನಿಗೆ ಗಾಳಿ ತಳ್ಳುವ ಟರ್ಬೊ ಇಲ್ಲ, ಎಂಜಿನಿನ ಕವಾಟ ಓಡಿಸಲು ಟೈಮಿಂಗ್ ಬೆಲ್ಟ್ ಬದಲು ಚೈನ್, ಐದು ಗೇರು. ಬಾಳಿಕೆಗೆ ಇದು ಒಳ್ಳೆಯ ಬುನಾದಿ.

2024ರಲ್ಲಿ ಬಂದ ಸ್ವಿಫ್ಟ್ ಮೂರು ಸಿಲಿಂಡರಿನದು. ಮೈಲೇಜಿಗೆ ಇದೇ ರಾಜ. ಕ್ಲಚ್ ಹಗುರ, ಕುಂಬಳೆ ಪೇಟೆಯ ನಿಂತು ನಿಂತು ಹೋಗುವ ಓಟಕ್ಕೆ ಹಾಯಾಗಿದೆ. ಆದರೆ ಸಿಗ್ನಲಿನಲ್ಲಿ ನಿಂತಾಗ ಸ್ಟೇರಿಂಗಿಗೆ ನಡುಕ ಬರುತ್ತದೆ. ದಿನಾ ಸಹಿಸಬೇಕಲ್ವಾ? ಡಿಕ್ಕಿ 265 ಲೀಟರ್. ಅಡಿಕೆಗೆ ಮದ್ದು ಬಿಡುವ ಕಾಲದಲ್ಲಿ ಮೈಲುತುತ್ತು, ಸುಣ್ಣದ ಚೀಲ ಇಟ್ಟರೆ ಮನೆ ಸಾಮಾನಿಗೆ ಜಾಗವೇ ಇಲ್ಲ. ನೆಲದಿಂದ ಎತ್ತರವೂ 163 ಮಿಲಿಮೀಟರ್ ಮಾತ್ರ. ನಾಲ್ಕು ಜನ ಕೂತಾಗ ಮುರಕಲ್ಲು ಅಡಿಗೆ ಎರಡು ಸಲ ತಾಗಿತು.

ಹೋಂಡಾ ಅಮೇಜ್ ಭಾವನದು. ನೆಲದಿಂದ ಎತ್ತರ 172, ಡಿಕ್ಕಿ 416 ಲೀಟರ್. ನಾಲ್ಕು ಸಿಲಿಂಡರಿನ ಎಂಜಿನ್ ಎಷ್ಟು ನಯ ಅಂದರೆ ಸ್ಟಾರ್ಟಾಗಿದೆಯಾ ಅಂತ ಮೀಟರ್ ನೋಡಬೇಕು. ಗೇರು ಬೀಳುವ ಖುಷಿಯೂ ಇದರಲ್ಲೇ ಜಾಸ್ತಿ. ಆದರೆ ನಮ್ಮ ಚಡಾವು ಇದನ್ನು ಸೋಲಿಸಿತು. ಇದರ ಪೂರ್ತಿ ಎಳೆತ ಸಿಗುವುದು ಎಂಜಿನ್ ನಿಮಿಷಕ್ಕೆ 4800 ಸುತ್ತು ತಿರುಗುವಾಗ. ಒದ್ದೆ ಕಲ್ಲಿನ ಮೇಲೆ ಅಷ್ಟು ತಿರುಗಿಸಿದರೆ ಚಕ್ರ ಜಾರುತ್ತದೆ. ಸುತ್ತು ಕಡಿಮೆ ಮಾಡಿದರೆ ಉಸಿರು ಕಟ್ಟುತ್ತದೆ. ಕೊನೆಗೆ ಕ್ಲಚ್ಚನ್ನು ಅರ್ಧ ಒತ್ತಿಯೇ ಹತ್ತಬೇಕಾಯಿತು. ಹಳೆಯ ಸುಟ್ಟ ವಾಸನೆ ನೆನಪಾಗಿ ಹೊಟ್ಟೆ ತೊಳಸಿತು.

ಮಾರುತಿಯದೇ ಬಲೆನೊ ಎರಡರ ನಡುವಿನದು. ನಾಲ್ಕು ಸಿಲಿಂಡರ್, 170 ಎತ್ತರ, 318 ಲೀಟರ್ ಡಿಕ್ಕಿ. ಚೀಲ ಹಿಡಿಯುತ್ತದೆ, ಮೇಲೆ ಒಂದು ಗೋಣಿ ಹಾಸಿದರೆ ಸಾಮಾನೂ ಹಿಡಿಯುತ್ತದೆ. ಸುಮಾರು 950 ಕಿಲೊ ತೂಕದ ಹಗುರ ಗಾಡಿ. ಫಸ್ಟ್ ಗೇರಿಗೆ ಹಾಕಿ ಕ್ಲಚ್ ಪೂರ್ತಿ ಬಿಟ್ಟರೂ ಬಂಡಿ ಎತ್ತಿನ ಹಾಗೆ ಎಳೆದುಕೊಂಡು ಹತ್ತಿತು. ಮಳೆ ನೀರು ಹರಿಯುವ ತಿರುವಿನಲ್ಲಿ ಬೇಕೆಂದೇ ನಿಲ್ಲಿಸಿ ಹೊರಡಿಸಿದೆ. ಒಂದು ಸಲವೂ ಕ್ಲಚ್ ಸುಟ್ಟ ವಾಸನೆ ಬರಲಿಲ್ಲ. ಹಾರ್ನ್, ಬಾಗಿಲಿನ ಸದ್ದು ತೆಳ್ಳಗೆ, ಅದು ಬೇಸರವೇ.

ಬಾಳಿಕೆಗೆ ನನಗೆ ದೊಡ್ಡ ಮಾತು ಬಿಡಿಭಾಗ. ಟೊಯೋಟಾ ಗ್ಲಾಂಜಾ ಇದೇ ಗಾಡಿ, ಇದೇ ಎಂಜಿನ್. ಎರಡು ಹೆಸರಿನಲ್ಲಿ ಓಡುವ ಕಾರಿನ ಸಾಮಾನು ಪೇಟೆಯಿಂದ ಬೇಗ ಮಾಯವಾಗದು. ನಮ್ಮ ಊರಿನ ವರ್ಕ್‌ಶಾಪಿನ ಹುಡುಗನೂ ಇದನ್ನು ಕಣ್ಣು ಮುಚ್ಚಿ ಬಿಚ್ಚುತ್ತಾನೆ.

ಪಂಪಿನಲ್ಲಿ ಈಗ ಸಿಗುವ 20 ಶೇಕಡಾ ಎಥನಾಲ್ ಪೆಟ್ರೋಲಿಗೆ ಮೂರೂ ಹೊಂದುತ್ತವೆ, ಅದರ ಚಿಂತೆ ಬೇಡ. ತುಕ್ಕಿನ ಚಿಂತೆ ಬೇಕು. ಕಡಲ ಬದಿಯ ಉಪ್ಪುಗಾಳಿ, ನಾಲ್ಕು ತಿಂಗಳ ಕೆಸರು. ಯಾವುದು ತೆಗೆದರೂ ಮೊದಲ ಮಳೆಗೆ ಮುಂಚೆ ಅಡಿಭಾಗಕ್ಕೆ ಕೋಟಿಂಗ್ ಮಾಡಿಸಿ. ಮೈಲುತುತ್ತು ಚೀಲದ ಅಡಿಗೆ ದಪ್ಪ ಟಾರ್ಪಾಲು ಹಾಸಿ. ಆ ಪುಡಿ ತೇವ ಹಿಡಿದರೆ ತಗಡನ್ನು ತಿನ್ನುತ್ತದೆ.

ಬಲೆನೊ ಬುಕ್ ಮಾಡಿದ್ದೇನೆ. "ಡಿಕ್ಕಿ ಸಾಲದಿದ್ದರೆ ನನ್ನ ಅಮೇಜ್ ಕೊಂಡುಹೋಗಿ ಭಾವ" ಅಂದಿದ್ದಾರೆ ಭಾವ. ಅಡಿಕೆ ಮಂಡಿಗೆ ಹೋಗುವ ದಿನ ಖಂಡಿತ ಕೇಳುತ್ತೇನೆ.