'ವಿ' ಗುರುತನ್ನು ನಂಬಿ ಕೆಟ್ಟೆವು: ಇಂಗ್ಲೆಂಡಿನ ಪಬ್ಬಿನಲ್ಲಿ ಊಟ ಮಾಡುವ ಸಸ್ಯಾಹಾರಿಗಳು ಓದಲೇಬೇಕು

ಅಪ್ಪ ಅಮ್ಮಂದಿರನ್ನು ಇಂಗ್ಲೆಂಡಿಗೆ ಕರೆಸಿಕೊಂಡು ಊರೂರು ತೋರಿಸುವ ಸಸ್ಯಾಹಾರಿ ಕನ್ನಡಿಗರು ದಯವಿಟ್ಟು ಇದನ್ನು ಕೊನೆಯವರೆಗೆ ಓದಬೇಕು. ಹೋದ ತಿಂಗಳು ಯಾರ್ಕ್ ನಗರದ ಹತ್ತಿರದ ಹಳ್ಳಿಯೊಂದರ ಪಬ್ಬಿನಲ್ಲಿ, ಹುಟ್ಟಿದಂದಿನಿಂದ ಮೀನು ಮಾಂಸ ಮುಟ್ಟದ ನನ್ನ ಅಮ್ಮ ದನದ ಕೊಬ್ಬಿನಲ್ಲಿ ಕರಿದ ಚಿಪ್ಸನ್ನು (ಇಲ್ಲಿ ಚಿಪ್ಸ್ ಎಂದರೆ ಆಲೂಗಡ್ಡೆಯ ದಪ್ಪ ತುಂಡುಗಳು) ತಟ್ಟೆ ತುಂಬ ತಿಂದರು. ಅದನ್ನು ತರಿಸಿದವನು ನಾನು, ಅದೂ ಕೇಳಿ ವಿಚಾರಿಸಿಯೇ ತರಿಸಿದ್ದೆ.

ಯಾರ್ಕಿನ ದೊಡ್ಡ ಚರ್ಚಾದ ಯಾರ್ಕ್ ಮಿನ್‌ಸ್ಟರ್ ನೋಡಿಕೊಂಡು ಲೀಡ್ಸಿಗೆ ಮರಳುವ ದಾರಿಯಲ್ಲಿ ಮಧ್ಯಾಹ್ನ ಒಂದೂವರೆಯಾಗಿತ್ತು. ಹಳ್ಳಿಯ ಪಬ್ಬುಗಳ ಅಡುಗೆಮನೆಗಳು ಹಲವು ಕಡೆ ಎರಡೂವರೆಗೆಲ್ಲ ಮುಚ್ಚಿಬಿಡುತ್ತವೆ ಎಂಬ ಅವಸರದಲ್ಲಿ, ಹೊರಗೆ ಹೂವಿನ ಬುಟ್ಟಿ ತೂಗುಹಾಕಿದ್ದ ಹಳೆಯ ಕಲ್ಲಿನ ಪಬ್ಬೊಂದಕ್ಕೆ ಹೋದೆವು. ತಲೆಗೆ ತಾಗುವಂಥ ತೊಲೆಗಳು, ಉರಿಯುವ ಒಲೆ, ಅದರ ಮುಂದೆ ಮಲಗಿದ ನಾಯಿ. ಅಪ್ಪನಿಗೆ ಬಹಳ ಹಿಡಿಸಿತು. ಮೇಜಿನ ಸಂಖ್ಯೆ ನೋಡಿಕೊಂಡು ಕೌಂಟರಿಗೆ ಹೋಗಿ ಮೊದಲೇ ಹಣ ಕಟ್ಟಿ ಆರ್ಡರ್ ಕೊಡುವುದು ಹಲವು ಪಬ್ಬುಗಳ ಪದ್ಧತಿ. ಮೆನುವಿನಲ್ಲಿ 'ಚೀಸ್ ಮತ್ತು ಈರುಳ್ಳಿ ಪೈ, ಚಿಪ್ಸ್, ಬಟಾಣಿ' ಎಂದು ಒಂದೇ ಸಾಲಿನಲ್ಲಿದ್ದು, ಆ ಸಾಲಿನ ಕೊನೆಯಲ್ಲಿ ಸಸ್ಯಾಹಾರ (ವೆಜಿಟೇರಿಯನ್) ಎಂದು ಸೂಚಿಸುವ ಹಸಿರು ಬಣ್ಣದ 'ವಿ' ಇತ್ತು. ಆದರೂ ನಾನು ಕೌಂಟರಿನಲ್ಲಿದ್ದ ಹುಡುಗನನ್ನು ಕೇಳಿದೆ: "ಇದು ಪೂರ್ತಿ ಸಸ್ಯಾಹಾರವೇ? ನಮ್ಮ ತಾಯಿ ಮಾಂಸ ತಿನ್ನುವುದಿಲ್ಲ." ಅವನು ಮೆನುವಿನ ಮೇಲೆ ಬೆರಳಿಟ್ಟು, "ಹೌದು, 'ವಿ' ಇದೆಯಲ್ಲ" ಎಂದ. ಮೂರು ತಟ್ಟೆ ಹೇಳಿದೆ, 48 ಪೌಂಡ್ ಕಟ್ಟಿದೆ.

ಚಿಪ್ಸ್ ದಪ್ಪವಾಗಿ, ಹೊರಗೆ ಗರಿಗರಿಯಾಗಿ, ಒಳಗೆ ಮೆತ್ತಗಿದ್ದವು. ಎರಡು ತಿಂದ ಮೇಲೆ ಅಮ್ಮ, "ಏನೋ ಒಂಥರಾ ವಾಸನೆ ಬರ್ತಿದೆಯಲ್ಲೋ" ಎಂದರು. ನಾನು, "ಅದು ವಿನೆಗರ್ ವಾಸನೆ ಅಮ್ಮ, ಇಲ್ಲಿ ಎಲ್ಲದಕ್ಕೂ ಅದನ್ನು ಹಾಕುತ್ತಾರೆ" ಎಂದು ಸಮಾಧಾನ ಹೇಳಿದೆ. ಈ ಮಾತನ್ನು ನೆನೆದಾಗಲೆಲ್ಲ ನನಗೆ ಎದೆ ಹಿಂಡುತ್ತದೆ. ಅವರ ಮೂಗು ಸರಿಯಾಗಿಯೇ ಹೇಳಿತ್ತು, ನಾನು ಅವರ ಬಾಯಿ ಮುಚ್ಚಿಸಿದೆ. ದುಡ್ಡು ಕೊಟ್ಟ ಊಟವನ್ನು ಬಿಡಬಾರದೆಂದು ಅವರು ತಟ್ಟೆಯ ತುದಿಯಲ್ಲಿದ್ದ ಮುರುಕಲು ಚೂರುಗಳನ್ನೂ ಬೆರಳಿನಿಂದ ಒತ್ತಿ ತೆಗೆದು ತಿಂದರು.

ಕೈ ತೊಳೆಯಲು ಹೋದಾಗ ಶೌಚಾಲಯದ ಓಣಿಯ ಗೋಡೆಯಲ್ಲಿ ಒಂದು ಕಪ್ಪು ಹಲಗೆ ಕಂಡಿತು. 'ನಮ್ಮ ಚಿಪ್ಸ್ ಅಪ್ಪಟ ಯಾರ್ಕ್‌ಷೈರ್ ಶೈಲಿಯವು, ಬೀಫ್ ಡ್ರಿಪ್ಪಿಂಗಿನಲ್ಲಿ ಕರಿದವು' ಎಂದು ಸೀಮೆಸುಣ್ಣದಲ್ಲಿ ಅಂದವಾಗಿ ಬರೆದಿದ್ದರು. ಎರಡು ಸಲ ಓದಿದೆ. ಕೈಯಲ್ಲಿದ್ದ ನೀರು ಒರೆಸಿಕೊಳ್ಳುವುದನ್ನೂ ಮರೆತು ಅಲ್ಲಿಯೇ ನಿಂತುಬಿಟ್ಟೆ.

ಡ್ರಿಪ್ಪಿಂಗ್ ಎಂದರೆ ದನದ ಕೊಬ್ಬನ್ನು ಕರಗಿಸಿ ಸೋಸಿದ ಜಿಡ್ಡು. ಆರಿದರೆ ನಮ್ಮ ವನಸ್ಪತಿಯಂತೆ ಬೆಳ್ಳಗೆ ಗಟ್ಟಿಯಾಗುತ್ತದೆ. ಉತ್ತರ ಇಂಗ್ಲೆಂಡಿನಲ್ಲಿ, ಅದರಲ್ಲೂ ಯಾರ್ಕ್‌ಷೈರಿನಲ್ಲಿ, ಮೀನು ಮತ್ತು ಚಿಪ್ಸನ್ನು ಅದರಲ್ಲಿಯೇ ಕರಿಯುವುದು ಹಳೆಯ ಪದ್ಧತಿ. ಐದು ವರ್ಷ ದಕ್ಷಿಣದ ರೆಡಿಂಗಿನಲ್ಲಿದ್ದು ಈಚೆಗೆ ಇತ್ತ ಬಂದ ನನಗೆ ಇದು ತಿಳಿದಿರಲಿಲ್ಲ. ಅವರ ಪದ್ಧತಿಯ ಬಗ್ಗೆ ನನ್ನ ತಕರಾರಿಲ್ಲ. ಆ ತಟ್ಟೆಗೆ 'ವಿ' ಎಂದು ಬರೆದು, ಬಾಯಿ ಬಿಟ್ಟು ಕೇಳಿದವನಿಗೂ ಹೌದು ಎಂದು ಹೇಳಿ ಕೊಟ್ಟರಲ್ಲ, ಅದು ನನ್ನ ತಕರಾರು.

ಮ್ಯಾನೇಜರ್ ಬಂದರು. "'ವಿ' ಪೈಗೆ ಮಾತ್ರ ಅನ್ವಯಿಸುತ್ತದೆ, ಜೊತೆಗೆ ಕೊಡುವುದಕ್ಕಲ್ಲ" ಎಂದರು. ಮೆನುವಿನಲ್ಲಿ ಹಾಗೆಂದು ಎಲ್ಲಿದೆ ಎಂದು ಕೇಳಿದರೆ, "ಗೋಡೆಯ ಮೇಲೆ ಬರೆದಿದ್ದೇವೆ" ಎಂದರು. ಊಟ ತರಿಸುವ ಮೊದಲು ಶೌಚಾಲಯದ ಗೋಡೆಯನ್ನು ಓದಿ ಬರುವವರು ಯಾರು? ಕೌಂಟರಿನ ಹುಡುಗ ನನ್ನ ಮುಖ ನೋಡಲಿಲ್ಲ. ಕೊನೆಗೆ ಮ್ಯಾನೇಜರ್ ಅಲರ್ಜಿ ಪುಸ್ತಕ ತಂದು ತೆರೆದು, "ನೋಡಿ, ನಾವು ಕಾನೂನಿನ ಪ್ರಕಾರ ಎಲ್ಲವನ್ನೂ ನಮೂದಿಸಿದ್ದೇವೆ" ಎಂದರು. ಕಾನೂನು ಹೇಳುವ 14 ಅಲರ್ಜಿಕಾರಕ ಪದಾರ್ಥಗಳಲ್ಲಿ ಹಾಲು, ಮೊಟ್ಟೆ, ಮೀನು, ಸಾಸಿವೆ ಇವೆ, ದನದ ಕೊಬ್ಬು ಇಲ್ಲ. ಆದ್ದರಿಂದ ಆ ಪುಸ್ತಕ ನಮ್ಮಂಥವರ ಉಪಯೋಗಕ್ಕೆ ಬರುವುದಿಲ್ಲ. ಅಷ್ಟೇ ಅಲ್ಲ, 'ಸಸ್ಯಾಹಾರ' ಎಂಬ ಪದಕ್ಕೆ ಈ ದೇಶದ ಕಾನೂನಿನಲ್ಲಿ ವ್ಯಾಖ್ಯೆಯೇ ಇಲ್ಲವೆಂದು ನನಗೆ ಆಮೇಲೆ ತಿಳಿಯಿತು. ಹಾಗೆಂದು ಗ್ರಾಹಕರಿಗೆ ತಪ್ಪು ವಿವರ ಕೊಟ್ಟು ಮಾರುವುದಕ್ಕೆ ಕಾನೂನಿನಲ್ಲಿ ಅನುಮತಿಯಿಲ್ಲ.

ಕಾರಿನಲ್ಲಿ ಅಮ್ಮನಿಗೆ ಹೇಳಿದೆ. ಮುಚ್ಚಿಡಲು ಮನಸ್ಸಾಗಲಿಲ್ಲ. ಅವರು ನನ್ನನ್ನು ಬೈಯಲಿಲ್ಲ. "ನೀನು ಕೇಳಿದ್ದೆಯಲ್ಲಪ್ಪ, ನಿನ್ನದೇನು ತಪ್ಪು" ಎಂದು ಹೇಳಿ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು. ಮನೆಗೆ ಬಂದು ತಲೆಗೆ ಸ್ನಾನ ಮಾಡಿದರು, ರಾತ್ರಿ ಊಟ ಮಾಡಲಿಲ್ಲ. ಅಂದಿನಿಂದ ಹೊರಗೆ ಹೊರಟರೆ ಚಪಾತಿ, ಚಟ್ನಿಪುಡಿ ಕಟ್ಟಿಕೊಂಡೇ ಬರುತ್ತಾರೆ.

ನಾನು ಬರೆದ ದೂರಿಗೆ ಪಬ್ಬಿನವರು ಮಿಂಚಂಚೆಯಲ್ಲಿ, 'ನಿಮಗೆ ನಿರಾಶೆಯಾಗಿದ್ದಕ್ಕೆ ವಿಷಾದಿಸುತ್ತೇವೆ' ಎಂದು ಎರಡು ಸಾಲು ಬರೆದು, ಮುಂದಿನ ಊಟಕ್ಕೆ 10 ಪೌಂಡಿನ ವೋಚರ್ ಕಳುಹಿಸಿದರು. ತಪ್ಪಾಯಿತು ಎಂಬ ಮಾತು ಅದರಲ್ಲಿ ಇಲ್ಲ. ನಿರಾಶೆಯಂತೆ! ಸಿಟಿಜನ್ಸ್ ಅಡ್ವೈಸ್ ಗ್ರಾಹಕ ಸಹಾಯವಾಣಿಗೆ ಎಲ್ಲವನ್ನೂ ತಿಳಿಸಿದ್ದೇನೆ. ಅಲ್ಲಿಂದ ಅದು ವ್ಯಾಪಾರದಲ್ಲಿ ಮೋಸವಾದರೆ ವಿಚಾರಿಸುವ ಟ್ರೇಡಿಂಗ್ ಸ್ಟ್ಯಾಂಡರ್ಡ್ಸ್ ಅಧಿಕಾರಿಗಳಿಗೆ ಹೋಗುತ್ತದೆ. ಬಿಲ್ಲು, ಮೆನು, ಆ ಹಲಗೆ, ಮೂರರ ಫೋಟೋ ನನ್ನ ಬಳಿ ಇವೆ. ನಿಮಗೂ ಹೀಗಾದರೆ ಮೊದಲು ಫೋಟೋ ತೆಗೆಯಿರಿ, ಜಗಳ ಆಮೇಲೆ.

ಪಬ್ಬಿಗೆ ಹೋದಾಗ 'ಸಸ್ಯಾಹಾರವೇ' ಎಂದು ಕೇಳಬೇಡಿ. 'ಚಿಪ್ಸನ್ನು ಯಾವ ಎಣ್ಣೆಯಲ್ಲಿ ಕರಿಯುತ್ತೀರಿ, ಅದೇ ಬಾಣಲೆಯಲ್ಲಿ ಮೀನು ಕರಿಯುತ್ತೀರಾ' ಎಂದು ಕೇಳಿ, ಅದನ್ನೂ ಅಡುಗೆಮನೆಯವರಿಂದಲೇ ಕೇಳಿ ತಿಳಿದುಕೊಳ್ಳಿ. ಭಾನುವಾರದ ಊಟದಲ್ಲಿ ಬರುವ, ಮೈದಾ ಮೊಟ್ಟೆ ಹಾಲು ಕಲಸಿ ಮಾಡುವ ಸಿಹಿಯಲ್ಲದ ಯಾರ್ಕ್‌ಷೈರ್ ಪುಡ್ಡಿಂಗನ್ನೂ ಹಲವು ಕಡೆ ಇದೇ ಕೊಬ್ಬಿನಲ್ಲಿ ಬೇಯಿಸುತ್ತಾರೆ, ಗ್ರೇವಿಯಂತೂ ಸಾಮಾನ್ಯವಾಗಿ ಮಾಂಸದ ರಸದ್ದೇ. ಕೌಂಟರಿನಲ್ಲಿ ನಗುನಗುತ್ತಾ ಹೌದು ಎನ್ನುವವರ ಮಾತನ್ನು ನಾನಂತೂ ಇನ್ನು ನಂಬುವುದಿಲ್ಲ.

ನಿನ್ನೆ ರಾತ್ರಿ ಆ ಪಬ್ಬಿನ ಮೆನುವನ್ನು ಮತ್ತೆ ತೆರೆದು ನೋಡಿದೆ. ಪೈ, ಚಿಪ್ಸ್, ಬಟಾಣಿ ಅದೇ ಸಾಲಿನಲ್ಲಿವೆ. ಸಾಲಿನ ಕೊನೆಯಲ್ಲಿ ಹಸಿರು 'ವಿ' ಹಾಗೆಯೇ ಇದೆ.