ಬಾಯಿಯಲ್ಲಿರುವ ಎರಡು ಪಿಂಗಾಣಿ ಕ್ಯಾಪ್‌ಗಳ ಬಗ್ಗೆ, ಬಹುಕಾಲದ ಬಳಕೆಯ ನಂತರ

ಉಡುಪಿಯಲ್ಲಿ 2011ರಲ್ಲಿ ನನ್ನ ಮೇಲಿನ ಮುಂಭಾಗದ ಹಲ್ಲಿಗೆ ಹಾಕಿಸಿದ್ದು ಒಳಗೆ ಲೋಹ, ಹೊರಗೆ ಪಿಂಗಾಣಿ ಇರುವ ಮೆಟಲ್ ಸೆರಾಮಿಕ್ ಕ್ಯಾಪ್. ಮಂಗಳೂರಿನಲ್ಲಿ 2018ರಲ್ಲಿ ಕೆಳಗಿನ ದವಡೆ ಹಲ್ಲಿಗೆ ಹಾಕಿಸಿದ್ದು ಪೂರ್ತಿ ಜಿರ್ಕೋನಿಯಾ, ಅಂದರೆ ಬಹಳ ಗಟ್ಟಿಯಾದ ಬಿಳಿ ಸೆರಾಮಿಕ್. ಎರಡೂ ರೂಟ್ ಕೆನಾಲ್ ಆದ, ಅಂದರೆ ಒಳಗಿನ ನರ ತೆಗೆದು ತುಂಬಿಸಿದ ಹಲ್ಲುಗಳು.

ಕ್ಯಾಪ್ ನಿಜಕ್ಕೂ ಬೇಕೇ ಎಂದು ಕೇಳುವವರಿಗೆ ನನ್ನಲ್ಲಿರುವ ಉತ್ತರ ಮೂರನೆಯ ಹಲ್ಲು. ರೂಟ್ ಕೆನಾಲ್ ಮಾಡಿಸಿ, ನೋವು ಹೋಯಿತಲ್ಲ ಎಂದು ಕ್ಯಾಪನ್ನು ಮುಂದೂಡಿದ ಆ ದವಡೆ ಹಲ್ಲು, ಹತ್ತು ತಿಂಗಳೊಳಗೆ ಕುಚ್ಚಲಕ್ಕಿ ಅನ್ನದಲ್ಲಿದ್ದ ಒಂದು ಕಲ್ಲಿಗೆ ಬುಡದವರೆಗೆ ಸೀಳಿತು; ಕೀಳಿಸದೆ ಬೇರೆ ದಾರಿಯಿರಲಿಲ್ಲ. ಒಳಗೆ ಟೊಳ್ಳಾದ ಹಲ್ಲು ಅಗಿಯುವ ಭಾರಕ್ಕೆ ಇಬ್ಭಾಗವಾಗದಂತೆ, ಕತ್ತಿಯ ಹಿಡಿಗೆ ಬಿಗಿದ ಬಳೆಯ ಹಾಗೆ ಕ್ಯಾಪ್ ಅದನ್ನು ಸುತ್ತಲೂ ಹಿಡಿದುಕೊಳ್ಳುತ್ತದೆ.

ಮುಂಭಾಗದ ಹಲ್ಲಿನ ಅನುಭವ ಬೆರಕೆ. ಚಹಾ, ಕಾಫಿಯ ಕಲೆ ಪಿಂಗಾಣಿಗೆ ಇಂದಿಗೂ ಹಿಡಿದಿಲ್ಲ. ಆದರೆ ಅದರ ಬಣ್ಣವನ್ನು ಆರಿಸಿದ್ದು ಮಳೆಗಾಲದ ಆಟಿ ತಿಂಗಳ ಒಂದು ಸಂಜೆ, ಟ್ಯೂಬ್‌ಲೈಟಿನ ಬೆಳಕಿನಲ್ಲಿ. ಹೀಗಾಗಿ ಪಕ್ಕದ ಹಲ್ಲುಗಳಿಗಿಂತ ಅದು ಒಂದು ಛಾಯೆ ಹೆಚ್ಚು ಬಿಳಿ. ಐದನೆಯ ವರ್ಷ, ಗರಿಗರಿಯಾದ ಕೋರಿ ರೊಟ್ಟಿ ಸಾರಿನಲ್ಲಿ ನೆನೆಯುವವರೆಗೆ ಕಾಯದೆ ಕಚ್ಚಿದಾಗ ಅಂಚಿನ ಒಂದು ಚೂರು ಎದ್ದು ಹೋಯಿತು. ಪಿಂಗಾಣಿ ಒತ್ತಡವನ್ನು ತಾಳಿಕೊಂಡಷ್ಟು ಎಳೆತವನ್ನು ತಾಳಿಕೊಳ್ಳುವುದಿಲ್ಲ. ಎಂಟನೆಯ ವರ್ಷದ ಹೊತ್ತಿಗೆ ಬುಡದಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆ ಕಾಣಿಸಿತು. ಕೊಳೆಯೆಂದು ಭಾವಿಸಿ ತಿಂಗಳುಗಟ್ಟಲೆ ತಿಕ್ಕಿದೆ. ಒಸಡು ಸರಿದಂತೆ ಇಣುಕಿದ್ದು ಒಳಗಿನ ಲೋಹದ ಅಂಚು, ನನ್ನ ತಿಕ್ಕಾಟದಿಂದ ಒಸಡು ಇನ್ನಷ್ಟು ಸವೆದದ್ದೇ ಬಂತು. ಹೀಗಾಗಬಹುದೆಂದು ಕ್ಯಾಪ್ ಹಾಕಿದವರು ಮೊದಲೇ ಒಂದು ಮಾತು ಹೇಳಬಹುದಿತ್ತು.

ಜಿರ್ಕೋನಿಯಾದಲ್ಲಿ ಎದ್ದು ಹೋಗುವ ಪದರವೂ ಇಲ್ಲ, ಇಣುಕುವ ಲೋಹವೂ ಇಲ್ಲ. ಮೊದಲ ವಾರ ಮಾತ್ರ ಆ ಬದಿಯಲ್ಲಿ ಅಗಿದಾಗಲೆಲ್ಲ ನೋಯುತ್ತಿತ್ತು. ಮರಳಿ ಹೋದಾಗ ವೈದ್ಯರು ನೀಲಿ ಕಾಗದವನ್ನು ಹಲ್ಲುಗಳ ನಡುವೆ ಇರಿಸಿ ಕಚ್ಚಿಸಿ, ಕನ್ನಡಿಯಲ್ಲಿ ತೋರಿಸಿದರು: ಕ್ಯಾಪಿನ ನೆತ್ತಿಯಲ್ಲಿ ಎಳ್ಳಿನಷ್ಟು ದೊಡ್ಡ, ಗಾಢವಾದ ಒಂದೇ ಚುಕ್ಕೆ. ಕ್ಯಾಪ್ ಎತ್ತರವಾಗಿ ಎದುರಿನ ಹಲ್ಲಿಗೆ ತಾಗುತ್ತಿದ್ದುದು ಅಲ್ಲೇ. ಆ ಎತ್ತರವನ್ನು ಉಜ್ಜಿ ತೆಗೆಯಲು ಎರಡು ನಿಮಿಷ, ಆ ಜಾಗವನ್ನು ಮತ್ತೆ ನುಣುಪಾಗಿಸಲು ಹತ್ತು ನಿಮಿಷ ಹಿಡಿಯಿತು, ಏಕೆಂದರೆ ಒರಟಾಗಿ ಬಿಟ್ಟರೆ ಎದುರಿನ ಹಲ್ಲು ಸವೆಯುತ್ತದೆ. ಇಂದಿಗೂ ಆ ಹಲ್ಲಿನ ನೆನಪೇ ಆಗುವುದಿಲ್ಲ.

ಕ್ಯಾಪಿನ ಜೊತೆಗೆ ಕೊಟ್ಟ ಹದಿನೈದು ವರ್ಷದ ಗ್ಯಾರಂಟಿ ಕಾರ್ಡನ್ನು ಓದಿ ನೋಡಿ: ಅದು ಕ್ಯಾಪಿಗೆ ಮಾತ್ರ, ಹಲ್ಲಿಗಲ್ಲ. ಪಿಂಗಾಣಿಗೆ ಹುಳುಕು ಹಿಡಿಯದು, ಅದರ ಅಂಚಿನಲ್ಲಿರುವ ಹಲ್ಲಿಗೆ ಹಿಡಿಯುತ್ತದೆ. ಆದ್ದರಿಂದ ಅಲ್ಲಿ ದಿನವೂ ಹಲ್ಲಿನ ಸಂದಿ ಶುಚಿಮಾಡುವ ದಾರ (ಫ್ಲಾಸ್) ಆಡಿಸುತ್ತೇನೆ, ಆಗಾಗ ಎಕ್ಸ್‌ರೇ ತೆಗೆಸುತ್ತೇನೆ. ಬರಿಯ ಬಿಳುಪಿಗಾಗಿ ಗಟ್ಟಿ ಹಲ್ಲಿಗೆ ಕ್ಯಾಪ್ ಹಾಕಿಸುವುದನ್ನು ನಾನು ಒಪ್ಪುವುದಿಲ್ಲ, ಅರೆದು ತೆಗೆದ ಹಲ್ಲು ಮತ್ತೆ ಬೆಳೆಯುವುದಿಲ್ಲ.

ಮುಂಭಾಗದ ಹಲ್ಲಿನ ಕ್ಯಾಪನ್ನು ಈಗ ಲೋಹವಿಲ್ಲದ, ಗಾಜಿನಂಥ ಸೆರಾಮಿಕ್ ಆದ ಲಿಥಿಯಂ ಡೈಸಿಲಿಕೇಟಿಗೆ ಬದಲಾಯಿಸುತ್ತಿದ್ದೇನೆ. ಬಣ್ಣ ನೋಡಲು ಬೆಳಿಗ್ಗೆ ಹತ್ತಕ್ಕೆ ಕಿಟಕಿಯ ಬಳಿ ಕೂರಬೇಕಂತೆ. ಮೋಡವಿದ್ದರೆ ಮರುದಿನ ಬನ್ನಿ ಎಂದಿದ್ದಾರೆ.