ಐಎಸ್‌ಬಿ, ಎಂಪ್ರೊಟೆಕ್ಟ್, ಮೆಂಬ್ಯಾರಿಯರ್: ಮೂರನ್ನೂ ಓಡಿಸಿ ನೋಡಿದೆ

ಓಡುತ್ತಿರುವ ಪ್ರೋಗ್ರಾಂನ ಕೋಡ್ ಬದಲಿಸಿದಾಗ ಪ್ರೊಸೆಸರಿನ ಎಲ್ಲ ಕೋರ್‌ಗಳೂ ಹೊಸದನ್ನೇ ಓಡಿಸುವಂತೆ ಮಾಡುವ ಮೂರು ದಾರಿ ಇವು. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮೆಂಬ್ಯಾರಿಯರ್‌ಗೆ. ಅಲ್ಲಿಗೆ ತಲುಪುವಷ್ಟರಲ್ಲಿ ಎರಡು ಭಾನುವಾರ ಹಾಳಾದವು.

ಸುಮ್ನೆ ಖುಷಿಗೆ ಬರೆಯುತ್ತಿರುವ ಪುಟ್ಟ ಜಿಟ್ ಕಂಪೈಲರ್ (ಪ್ರೋಗ್ರಾಂ ಓಡುತ್ತಿರುವಾಗಲೇ ಮೆಷಿನ್ ಕೋಡ್ ತಯಾರಿಸುವುದು) ನನ್ನದು. ಒಂದು ಥ್ರೆಡ್ (ಪ್ರೋಗ್ರಾಂ ಒಳಗೆ ತನ್ನಷ್ಟಕ್ಕೆ ಓಡುವ ಎಳೆ) ಮೆಷಿನ್ ಕೋಡ್ ಬರೆಯುತ್ತದೆ, ಉಳಿದವು ಓಡಿಸುತ್ತವೆ. ಕೋಡ್ ಬದಲಾದಾಗ ಬೇರೆ ಕೋರ್‌ಗಳು ಮೊದಲೇ ಎತ್ತಿಟ್ಟುಕೊಂಡ ಹಳೇ ಇನ್‌ಸ್ಟ್ರಕ್ಷನ್‌ಗಳನ್ನು ಬಿಸಾಕಬೇಕು. ಮಾಮೂಲಿ ಮೆಮೊರಿ ಬ್ಯಾರಿಯರ್ ಇದಕ್ಕೆ ಸಾಲದು. ಅದು ಮೆಮೊರಿಯ ಓದು-ಬರಹದ ಸರದಿ ನೋಡಿಕೊಳ್ಳುತ್ತದೆ ಅಷ್ಟೆ, ಪೈಪ್‌ಲೈನ್ (ಕೋರ್ ಎತ್ತಿಟ್ಟುಕೊಂಡ ಇನ್‌ಸ್ಟ್ರಕ್ಷನ್‌ಗಳ ಸಾಲು) ಒಳಗೆ ಕೂತಿದ್ದನ್ನು ಮುಟ್ಟುವುದಿಲ್ಲ.

ಕೋಡ್ ಒಳಗೆ ಹೋಗುವ ಮುಂಚೆ ಪ್ರತಿ ಸಲ ಐಎಸ್‌ಬಿ ಹಾಕಬಹುದು, ಅಂದರೆ ಎತ್ತಿಟ್ಟುಕೊಂಡಿದ್ದನ್ನು ಬಿಸಾಕಿಸುವ ಆರ್ಮ್ ಪ್ರೊಸೆಸರಿನ ಇನ್‌ಸ್ಟ್ರಕ್ಷನ್. ಆರ್ಮ್‌ನಲ್ಲಿ ಸರಿಯಾಗೇ ನಡೆಯುತ್ತದೆ. ಆದರೆ ಕೋಡ್ ಬದಲಾಗುವುದು ಯಾವಾಗಲೋ ಒಮ್ಮೆ, ಓಡುವುದು ಲಕ್ಷಾಂತರ ಸಲ. ಪ್ರತಿ ಸಲವೂ ಸುಂಕ ಯಾಕೆ ಕಟ್ಟಬೇಕು?

ಅದಕ್ಕೇ ಎಂಪ್ರೊಟೆಕ್ಟ್ (ಮೆಮೊರಿಯ ಅನುಮತಿ ಬದಲಿಸುವ ಸಿಸ್ಟಂ ಕಾಲ್, ಅಂದರೆ ಕರ್ನಲ್‌ಗೆ ಮಾಡುವ ಕೋರಿಕೆ) ಉಪಾಯ ಹಿಡಿದೆ. ಮೆಮೊರಿಯ ಒಂದು ಡಮ್ಮಿ ಪುಟ ಇಟ್ಟುಕೊಂಡು, ಅದಕ್ಕೆ ಬರೆದು, ಆಮೇಲೆ ಬರೆಯುವ ಅನುಮತಿ ಕಿತ್ತುಕೊಳ್ಳುವುದು. ಟಿಎಲ್‌ಬಿ (ಮೆಮೊರಿ ವಿಳಾಸಗಳ ಅನುವಾದ ನೆನಪಿಟ್ಟುಕೊಳ್ಳುವ ಕ್ಯಾಶ್) ತೊಳೆಯಲು ಕರ್ನಲ್ ಬೇರೆ ಕೋರ್‌ಗಳಿಗೆ ಇಂಟರಪ್ಟ್ ಕಳಿಸುತ್ತದೆ. ಅದರಿಂದ ವಾಪಸ್ ಬರುವಾಗ ಐರೆಟ್ (ಇಂಟರಪ್ಟ್‌ನಿಂದ ಮರಳುವ ಇನ್‌ಸ್ಟ್ರಕ್ಷನ್) ಓಡಿ ಕೋರ್ ಸೀರಿಯಲೈಸ್ ಆಗುತ್ತದೆ, ಅಂದರೆ ಹಳೆಯದನ್ನು ಬಿಸಾಕಿ ಹೊಸದಾಗಿ ಎತ್ತಿಕೊಳ್ಳುತ್ತದೆ. ನನ್ನ ಎಕ್ಸ್86 ಲ್ಯಾಪ್‌ಟಾಪಿನಲ್ಲಿ ಒಂದು ತಕರಾರೂ ಇರಲಿಲ್ಲ.

ಅದನ್ನೇ ನಾಲ್ಕು ಕೋರಿನ ಅಗ್ಗದ ಆರ್ಮ್ ಬೋರ್ಡಿಗೆ ಹಾಕಿದೆ. ಹತ್ತಿಪ್ಪತ್ತು ಸಲಕ್ಕೊಮ್ಮೆ ಸಿಗ್‌ಇಲ್, ಅಂದರೆ ಇಲೀಗಲ್ ಇನ್‌ಸ್ಟ್ರಕ್ಷನ್ ಅಂತ ಕ್ರ್ಯಾಶ್! ಜಿಡಿಬಿ ಅನ್ನೋ ಡೀಬಗರ್‌ನಲ್ಲಿ ಆ ವಿಳಾಸ ನೋಡಿದರೆ ಅಲ್ಲಿ ಒಳ್ಳೇ ಆಡ್ ಇನ್‌ಸ್ಟ್ರಕ್ಷನ್ ಕೂತಿದೆ. ಇದರಲ್ಲಿ ಇಲೀಗಲ್ ಏನಿದೆ ಅಂತ ರಾತ್ರಿಯೆಲ್ಲ ತಲೆ ಕೆರೆದುಕೊಂಡೆ. ಬಿಟ್ಟ ಕೋಡ್ ಜಾಗಕ್ಕೆ ನಾನು ಸೊನ್ನೆ ತುಂಬಿ ಇಡುತ್ತಿದ್ದೆ. ಜಿಡಿಬಿ ಓದಿದ್ದು ಮೆಮೊರಿಯನ್ನು, ಕೋರ್ ಓಡಿಸಿದ್ದು ಆ ಹಳೇ ಸೊನ್ನೆಗಳನ್ನು, ಇಲೀಗಲ್ ಆಗಿದ್ದು ಅವೇ. ಆರ್ಮ್64ರಲ್ಲಿ ಟಿಎಲ್‌ಬಿ ತೊಳೆಯುವ ಆಜ್ಞೆಯನ್ನು ಹಾರ್ಡ್‌ವೇರೇ ಎಲ್ಲ ಕೋರ್‌ಗೂ ಸಾರುತ್ತದೆ. ಇಂಟರಪ್ಟೇ ಹೋಗುವುದಿಲ್ಲ. ನಾನು ನೆಚ್ಚಿಕೊಂಡಿದ್ದು ಕರ್ನಲ್ ಎಂದೂ ಕೊಡದ ಭರವಸೆಯನ್ನು!

ಇನ್ನು ಮೂರನೆಯದು, ಬೇರೆ ಕೋರ್‌ಗಳಲ್ಲೂ ಬ್ಯಾರಿಯರ್ ಹಾಕಿಸು ಅಂತ ಕರ್ನಲ್‌ಗೆ ಕೇಳುವ ಮೆಂಬ್ಯಾರಿಯರ್ ಸಿಸ್ಟಂ ಕಾಲ್. ಅದು ಲಿನಕ್ಸ್ 4.3ರಿಂದ ಇದೆ. ನನಗೆ ಬೇಕಾದ, ಕೋರ್‌ಗಳನ್ನು ಸೀರಿಯಲೈಸ್ ಮಾಡಿಸುವ ಸಿಂಕ್-ಕೋರ್ ಆಜ್ಞೆ ಬಂದಿದ್ದು 2018ರ 4.16ರಲ್ಲಿ. ನನ್ನ ಪ್ರೋಸೆಸ್‌ನ ಥ್ರೆಡ್ ಓಡುತ್ತಿರುವ ಕೋರ್‌ಗಳಿಗಷ್ಟೇ ಇಂಟರಪ್ಟ್ ಹೋಗುತ್ತದೆ. ಕೋಡ್ ಓಡಿಸುವವರಿಗೆ ಖರ್ಚಿಲ್ಲ, ಬದಲಿಸುವವನೇ ಕಟ್ಟುತ್ತಾನೆ. ಅದರದ್ದೇ ಇನ್ನೊಂದಾದ, ಇಡೀ ಸಿಸ್ಟಂಗೆ ಅನ್ವಯಿಸುವ ಗ್ಲೋಬಲ್ ಆಜ್ಞೆ ಬೇಡ, ಜಾಸ್ತಿ ನಿಧಾನ.

ಒಂದು ಕಿರಿಕಿರಿ ಇದೆ. ಮೊದಲು ನೋಂದಣಿ ಮಾಡಿಸಬೇಕು, ಅದೂ ಸಿಂಕ್-ಕೋರ್‌ಗೆ ಬೇರೆಯೇ. ನಾನು ಬರೀ ಪ್ರೈವೇಟ್ ಎಕ್ಸ್‌ಪಿಡೈಟೆಡ್ (ಮಾಮೂಲಿ ಮೆಮೊರಿ ಬ್ಯಾರಿಯರ್‌ನ ಆಜ್ಞೆ) ನೋಂದಾಯಿಸಿ, ರಿಟರ್ನ್ ವ್ಯಾಲ್ಯೂ ನೋಡದೆ ಕೂತಿದ್ದೆ. ಸಿಂಕ್-ಕೋರ್ ಕರೆದಾಗಲೆಲ್ಲ ಇಪರ್ಮ್ (ಅನುಮತಿ ಇಲ್ಲ ಅನ್ನೋ ಎರರ್) ಬರುತ್ತಲೇ ಇತ್ತು. ಎರಡನೇ ಭಾನುವಾರ ಹೋಗಿದ್ದು ಹೀಗೆ.

ಈಗ ನೋಂದಣಿ ವಿಫಲವಾದರೆ ಐಎಸ್‌ಬಿ ದಾರಿಗೆ ಇಳಿಯುವಂತೆ ಬರೆದಿದ್ದೇನೆ. ಎಂಪ್ರೊಟೆಕ್ಟ್ ಸಾಲುಗಳನ್ನು ಅಳಿಸಿಹಾಕಿದೆ.